ಕಾಫಿ ಕೊಯ್ಲಿನ ಕಾಲದಲ್ಲಿ ಎದೆಹಾಲು

ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು, ಆರು ತಿಂಗಳು ತುಂಬುವವರೆಗೆ ಎದೆಹಾಲು ಮಾತ್ರ, ಆಮೇಲೆ ಮೆತ್ತನೆಯ ಊಟದ ಜೊತೆಗೆ ಎರಡು ವರ್ಷದವರೆಗೋ ಅದಕ್ಕೂ ಮುಂದೆಯೋ ಎದೆಹಾಲು. ವಿಶ್ವ ಆರೋಗ್ಯ ಸಂಸ್ಥೆಯ ಈ ಸಲಹೆ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ಸೀಮೆಗೆ ಹೊಸದೇನಲ್ಲ. ಆಶಾ ಕಾರ್ಯಕರ್ತೆಯರು, ಅಂಗನವಾಡಿ, ಆಗಸ್ಟ್ ಮೊದಲ ವಾರದ ಸ್ತನ್ಯಪಾನ ಸಪ್ತಾಹ ಇದನ್ನೇ ಸಾರುತ್ತವೆ. ಆದರೆ ಕಿವಿಗೆ ಬಿದ್ದದ್ದೆಲ್ಲ ಆಚರಣೆಗೆ ಬಂದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇ. 97ರಷ್ಟು ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತದೆ. ಆದರೂ ಮೊದಲ ಗಂಟೆಯಲ್ಲಿ ಹಾಲು ಕುಡಿದ ಮಕ್ಕಳು ಸುಮಾರು ಅರ್ಧದಷ್ಟು ಮಾತ್ರ.

ಹೆರಿಗೆಯಾದ ಮೊದಲ ದಿನಗಳ ಹಳದಿ ಬಣ್ಣದ ದಪ್ಪ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲುವ ರೂಢಿ ಹಲವೆಡೆ ಇತ್ತು. ರೋಗದ ವಿರುದ್ಧ ಕಾಯುವ ಅಂಶಗಳು ತುಂಬಿರುವುದು ಅದರಲ್ಲೇ. ಅದು ಕೆಲವೇ ಚಮಚ ಬಂದರೂ ಚಿಂತೆಯಿಲ್ಲ, ಎಳೆಗೂಸಿನ ಹೊಟ್ಟೆ ಆಗ ಹಿಡಿಯುವುದೂ ಅಷ್ಟೇ. ಬೆಲ್ಲದ ನೀರು, ಸಕ್ಕರೆ ನೀರು, ತೇದ ಬಜೆ ಯಾವುದೂ ಬೇಡ. ಜೇನುತುಪ್ಪವನ್ನಂತೂ ಒಂದು ವರ್ಷದವರೆಗೆ ನೆಕ್ಕಿಸಲೇಬಾರದು. ಅದರಲ್ಲಿರಬಹುದಾದ ಬ್ಯಾಕ್ಟೀರಿಯಾ ಕೂಸಿನ ನರಗಳನ್ನು ನಿಶ್ಚಲಗೊಳಿಸುವ ವಿಷ ಉತ್ಪಾದಿಸಬಲ್ಲದು. ಬೇಸಿಗೆಯಲ್ಲೂ ನೀರು ಕುಡಿಸಬೇಕಿಲ್ಲ, ಎದೆಹಾಲಿನಲ್ಲಿ ಸುಮಾರು ಶೇ. 87 ನೀರೇ ಇದೆ.

ಬಾಣಂತಿಗೆ ಕೊಡುವ ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು, ಕಾಳುಮೆಣಸಿನ ಸಾರು ಒಳ್ಳೆಯ ಊಟವೇ. ತಪ್ಪಿರುವುದು ನೀರು ಕಡಿಮೆ ಮಾಡುವ, ಹಣ್ಣು ತರಕಾರಿ ನಿಲ್ಲಿಸುವ ಪಥ್ಯದಲ್ಲಿ. ಮೊದಲ ಆರು ತಿಂಗಳು ಹಾಲೂಡಿಸುವವಳಿಗೆ ದಿನಕ್ಕೆ ಸುಮಾರು 600 ಕ್ಯಾಲೊರಿ ಹೆಚ್ಚು ಬೇಕು. ಅಂಗನವಾಡಿಯ ಮಾತೃಪೂರ್ಣ ಊಟ ಇದಕ್ಕೆಂದೇ ಇರುವುದು. ಹಾಲು ಸಾಲದು ಎಂಬ ಅಂಜಿಕೆಯೂ ಬಹಳ ಸಲ ಹುಸಿ. ಕೂಸು ಎಷ್ಟು ಚೀಪುತ್ತದೋ ಅಷ್ಟು ಹಾಲು ಊರುತ್ತದೆ. ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ದು, ತೂಕ ಏರುತ್ತಿದ್ದರೆ ಹಾಲು ಸಾಲುತ್ತಿದೆ ಎಂದೇ ಅರ್ಥ.

ನಿಜವಾದ ತೊಡಕು ಕೆಲಸದ್ದು. ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿಯವರೆಗೆ, ರೊಬಸ್ಟಾ ಅದರ ಬೆನ್ನಿಗೇ ಮಾರ್ಚ್‌ವರೆಗೆ. ಮಳೆಗಾಲದ ಕೊನೆಯಲ್ಲಿ ಹುಟ್ಟಿದ ಮಗುವಿಗೆ ಮೂರು ತಿಂಗಳಾಗುವಷ್ಟರಲ್ಲಿ ತಾಯಿ ಹಣ್ಣು ಕೊಯ್ಯಲು ಹೊರಡಬೇಕು. ಹಲವು ತೋಟಗಳಲ್ಲಿ ಕೊಯ್ದ ಹಣ್ಣಿಗೆ ಕಿಲೋ ಲೆಕ್ಕದ ಕೂಲಿ. ಲೈನ್ ಮನೆಗೆ ಹೋಗಿ ಹಾಲೂಡಿಸಿ ಬರುವ ಅರ್ಧ ಗಂಟೆ ಎಂದರೆ ಅಷ್ಟು ಹಣ್ಣು, ಅಷ್ಟು ಕೂಲಿ ಕೈತಪ್ಪಿದ ಹಾಗೆ. ಆರು ತಿಂಗಳ ನಿಯಮ ಮುರಿದು ಬಾಟಲಿ ಮನೆಯೊಳಗೆ ಬರುವುದು ಇಂಥ ಹೊತ್ತಿನಲ್ಲಿ. ಇದನ್ನು ತಾಯಿಯ ಅಜ್ಞಾನವೆಂದು ಹೇಳುವುದು ಅನ್ಯಾಯ.

ಬಾಟಲಿಗಿಂತ ಒಳ್ಳೆಯ ದಾರಿ ಉಂಟು. ಕೆಲಸಕ್ಕೆ ಹೊರಡುವ ಮುನ್ನ ಕೈ ತೊಳೆದು, ಕುದಿಸಿದ ಸ್ಟೀಲ್ ಲೋಟಕ್ಕೆ ಹಾಲು ಹಿಂಡಿ ಮುಚ್ಚಿಟ್ಟರೆ ಮಲೆನಾಡಿನ ತಂಪಿನಲ್ಲಿ ನಾಲ್ಕು ಗಂಟೆ ಕೆಡುವುದಿಲ್ಲ. ಅಜ್ಜಿ ಅದನ್ನು ಒಳಲೆಯಲ್ಲೋ ಚಮಚದಲ್ಲೋ ಕುಡಿಸಬಹುದು. ತೋಟದಿಂದ ಬಂದವಳು ಸೋಪು ಹಾಕಿ ಕೈ ತೊಳೆದು ಬಟ್ಟೆ ಬದಲಿಸಿ ಮಗುವನ್ನು ಎತ್ತಿಕೊಳ್ಳಬೇಕು. ರಾತ್ರಿ ಹಾಲೂಡಿಸುವುದನ್ನು ಬಿಡಬಾರದು, ಹಾಲು ಊರಿಸುವ ಹಾರ್ಮೋನು ಹೆಚ್ಚಿರುವುದು ರಾತ್ರಿಯಲ್ಲೇ.

ಕಾನೂನು ಈ ತಾಯಂದಿರನ್ನು ಮರೆತಿರಲಿಲ್ಲ. 50 ಅಥವಾ ಹೆಚ್ಚು ಹೆಣ್ಣಾಳುಗಳಿರುವ ತೋಟದಲ್ಲಿ ಮಕ್ಕಳಿಗೆ ಕೋಣೆ ಇರಬೇಕೆಂದು 1951ರ ತೋಟ ಕಾರ್ಮಿಕರ ಕಾಯ್ದೆ ವಿಧಿಸಿತು. ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಬಿಡುವು ಕೊಡಬೇಕೆಂದು 1961ರ ಹೆರಿಗೆ ಸೌಲಭ್ಯ ಕಾಯ್ದೆ ಹೇಳಿತು. 2017ರಲ್ಲಿ ವೇತನದ ರಜೆ 26 ವಾರಕ್ಕೆ ಏರಿತು. ಆದರೆ ಆ ರಜೆಗೆ ಹಿಂದಿನ ವರ್ಷ ಅದೇ ಮಾಲೀಕನ ಬಳಿ 80 ದಿನವಾದರೂ ದುಡಿದಿರಬೇಕಿತ್ತು. ಕೊಯ್ಲಿಗೆಂದು ಊರಿಂದೂರಿಗೆ, ತೋಟದಿಂದ ತೋಟಕ್ಕೆ ಹೋಗುವ ವಲಸೆಯ ತಾಯಿಗೆ ಅದು ದಕ್ಕುವುದು ಕಷ್ಟ. ಇಲ್ಲಿನ ಬಹುಪಾಲು ಹಿಡುವಳಿಗಳು ಸಣ್ಣವು, ಆಳುಗಳ ಸಂಖ್ಯೆ ಐವತ್ತನ್ನು ಮುಟ್ಟುವುದೇ ಇಲ್ಲ.

ಸಣ್ಣ ಬೆಳೆಗಾರರೂ ಕೊಯ್ಲಿನ ದಿನಗಳಲ್ಲಿ ಜೋಲಿ ಕಟ್ಟಲು ತೋಟದ ಹತ್ತಿರವೇ ನೆರಳಿನ ಒಂದು ಜಾಗ ಕೊಟ್ಟು, ಹಾಲೂಡಿಸುವ ಎರಡು ಬಿಡುವಿಗೆ ಕೂಲಿ ಮುರಿಯದೆ ಇರಲಿ.