ಪಡುಗಾಳಿ ಏಳುವ ಮೊದಲು

ಬೆಳಿಗ್ಗೆ ಏಳಕ್ಕೆಲ್ಲ ಹಿತ್ತಿಲಿನ ಹಗ್ಗದ ತುಂಬ ಹಾಸು, ಹೊದಿಕೆ, ದಿಂಬಿನ ಚೀಲ. ಹನ್ನೊಂದರೊಳಗೆ ಅಷ್ಟೂ ಒಣಗಿ, ಮಡಚಿ, ಒಳಗೆ ಸೇರಬೇಕು. ಅಲ್ಲಿಯ ತನಕ ಘಟ್ಟದ ಕಡೆಯಿಂದ ಇಳಿಯುವ ಮೂಡುಗಾಳಿ ಬೀಸುತ್ತಿರುತ್ತದೆ, ಅದು ಒಣಗಾಳಿ. ಬಿಸಿಲೇರಿ ನೆಲ ಕಾದು ಕಡಲಿನಿಂದ ಪಡುಗಾಳಿ ಎದ್ದಿತೋ, ಬಟ್ಟೆಗೆ ಉಪ್ಪಿನ ಪಸೆ ಕೂರುತ್ತದೆ, ರಾತ್ರಿ ಮಲಗಿದವರ ಬೆನ್ನಿಗೆ ಹಾಸಿಗೆ ಅಂಟುತ್ತದೆ. ಮರುದಿನ ಅತಿಥಿಗಳ ಮುಖ ನೋಡುವುದು ಕಷ್ಟ. ಆದ್ದರಿಂದ ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಈ ಮನೆಯ ಕೆಲಸಗಳೆಲ್ಲ ಗಡಿಯಾರಕ್ಕಿಂತ ಗಾಳಿಯನ್ನು ನೋಡಿ ನಡೆಯುತ್ತವೆ.

ಗೋಕರ್ಣದ ತೆಂಕಣ ಭಾಗದಲ್ಲಿ, ಅಘನಾಶಿನಿ ನದಿ ಕಡಲು ಸೇರುವ ತದಡಿಯ ಹತ್ತಿರದ ಒಂದು ಕೇರಿ ಇದು. ಚಿರೆಕಲ್ಲಿನ ಹಳೆಯ ಮನೆ, ಹಂಚಿನ ಮಾಡು, ಉದ್ದದ ಜಗಲಿ. ಹಿತ್ತಿಲಿನ ತೆಂಗಿನ ಮರಗಳ ನಡುವೆ ಬಾಡಿಗೆಗೆಂದು ಕಟ್ಟಿಸಿದ ನಾಲ್ಕು ಕೋಣೆ, ಬೇಲಿಯಾಚೆ ಮರಳಿನ ಮೇಲೆ ಮಡ್ಲು ಹೊದಿಸಿದ ಎರಡು ಗುಡಿಸಲು. ಬೋರ್ಡು ಒಂದಿದೆ, ಅದರ ಅಕ್ಷರಗಳನ್ನು ಉಪ್ಪುಗಾಳಿ ಎಂದೋ ತಿಂದಿದೆ. ಮನೆಯೊಡತಿಗೆ ಅದನ್ನು ಮತ್ತೆ ಬರೆಸುವ ಉತ್ಸಾಹವೇನಿಲ್ಲ. ‘ಬರೂಕೆ ಇದ್ದವ್ರು ಹೇಂಗೂ ಬತ್ರು’ ಎನ್ನುತ್ತಾಳೆ. ಬರುತ್ತಾರೆ ಕೂಡ.

ಶಿವರಾತ್ರಿಯ ನೂಕುನುಗ್ಗಲಿನ ಬಗ್ಗೆ ಹೇಳುವುದು ಹೆಚ್ಚಿಲ್ಲ. ಮಹಾಬಲೇಶ್ವರನ ದೊಡ್ಡ ತೇರು ನೋಡಲು ಬಂದವರು ಜಗಲಿಯಲ್ಲೂ ಮಲಗಿ, ಬಾವಿಯಲ್ಲಿ ಮಿಂದು, ಎರಡೇ ದಿನಕ್ಕೆ ಊರು ಖಾಲಿ ಮಾಡುತ್ತಾರೆ. ನಿಜವಾದ ಬದಲಾವಣೆ ಅದಾದ ಮೇಲಿನದು. ಅಕ್ಟೋಬರ್, ನವೆಂಬರ್‌ನಲ್ಲಿ ಬಂದು ಬೇರೂರಿದ್ದ ವಿದೇಶಿಯರು ಸೆಕೆ ಏರಿದಂತೆ ಒಬ್ಬೊಬ್ಬರಾಗಿ ಗಂಟು ಕಟ್ಟತೊಡಗುತ್ತಾರೆ. ಕೆಲವರು ಹಿಮಾಚಲಕ್ಕೆ, ಕೆಲವರು ಊರಿಗೆ. ಅವರು ಬಂದ ಇಪ್ಪತ್ತನಾಲ್ಕು ಗಂಟೆಯೊಳಗೆ ಫಾರಂ ತುಂಬಿ ಸರ್ಕಾರಕ್ಕೆ ತಿಳಿಸಬೇಕೆಂಬುದು ನಿಯಮ. ಪಾಸ್‌ಪೋರ್ಟಿನ ಅಕ್ಷರಗಳನ್ನು ಮೊಬೈಲಿನಲ್ಲಿ ಕುಟ್ಟುವ ಆ ಕೆಲಸ ಕಾಲೇಜಿಗೆ ಹೋಗುವ ಮಗನ ಪಾಲಿನದು. ಹೋಗುವವರು ಬಿಟ್ಟುಹೋಗುವ ಸಾಮಾನಿಗೆ ಯಾವ ಫಾರಮ್ಮೂ ಇಲ್ಲ. ಯೋಗದ ಚಾಪೆ, ಅರ್ಧ ಓದಿದ ರಷ್ಯನ್ ಕಾದಂಬರಿ, ತಂತಿ ಹರಿದ ಗಿಟಾರು. ಚಾಪೆಗಳು ಮಾತ್ರ ಇಲ್ಲಿ ಉಪಯೋಗಕ್ಕೆ ಬಿದ್ದಿವೆ. ಸಂಡಿಗೆ ಒಣಗಿಸಲು ಅಷ್ಟು ಸಮತಟ್ಟಾದ ವಸ್ತು ಬೇರೆ ಸಿಗುವುದು ಕಷ್ಟ.

ವಸಂತ ಎಂದರೆ ಚಿಗುರು, ಮಂದಾನಿಲ, ವಿರಹ ಎಂದು ಓದಿಕೊಂಡವರಿಗೆ ಕರಾವಳಿಯ ಈ ಎರಡು ತಿಂಗಳು ಕೊಂಚ ಗೊಂದಲ ಹುಟ್ಟಿಸಬಹುದು. ಕೋಗಿಲೆ ಇದೆ, ಮಾವಿನ ಹೂವಿದೆ, ಗೇರುಹಣ್ಣಿನ ಘಾಟು ಇದೆ. ಆದರೆ ಊರಿಗೆ ಊರೇ ಮಳೆಗಾಲದ ಧ್ಯಾನದಲ್ಲಿರುತ್ತದೆ. ಸಿಕ್ಕಿದ್ದನ್ನೆಲ್ಲ ಒಣಗಿಸುವುದು, ಉಪ್ಪಿಗೆ ಹಾಕುವುದು, ಕಟ್ಟಿಡುವುದು. ಪ್ರವಾಸಿಗರು ಅದರ ನಡುವೆ ಜಾಗ ಮಾಡಿಕೊಂಡು ಇರಬೇಕು.

ಹೋಳಿ ಹುಣ್ಣಿಮೆಗೆ ಮುಂಚಿನ ದಿನಗಳಲ್ಲಿ ಒಂದು ಮಧ್ಯಾಹ್ನ ಗುಮಟೆಯ ಸದ್ದು ಕೇಳುತ್ತದೆ. ಹಾಲಕ್ಕಿ ಒಕ್ಕಲಿಗರ ಸುಗ್ಗಿ ತಂಡ. ಒಡತಿ ಅಂಗಳದ ಚಾಪೆಗಳನ್ನು ಸರಸರ ಎತ್ತಿ, ನೆಲಕ್ಕೆ ನೀರು ಚಿಮುಕಿಸುತ್ತಾಳೆ. ತಲೆಯ ಮೇಲೆ ಬೆಂಡಿನ ಮತ್ತು ಬಣ್ಣದ ಕಾಗದದ ಹೂಗಳ ಎತ್ತರದ ತುರಾಯಿ, ಅದರಲ್ಲಿ ಅಲುಗಾಡುವ ಪುಟ್ಟ ಹಕ್ಕಿಗಳು, ಕೈಯಲ್ಲಿ ಕೋಲು ಮತ್ತು ನವಿಲುಗರಿಯ ಕುಂಚ. ತುರಾಯಿ ತೆಂಗಿನ ಗರಿಗೆ ತಾಗದಂತೆ ಬಗ್ಗಿ ಅಂಗಳಕ್ಕೆ ಬಂದವರು ಸುತ್ತುಗಟ್ಟಿ ಕುಣಿಯತೊಡಗಿದರೆ ಸೆಗಣಿ ಸಾರಿಸಿದ ನೆಲ ಸಣ್ಣಗೆ ಅದುರುತ್ತದೆ. ಹಿಂದೆ ಗುಮಟೆಯ ಬಾಯಿಗೆ ಉಡದ ಚರ್ಮವನ್ನೇ ಬಿಗಿಯುತ್ತಿದ್ದರು. ಅದರ ನಾದ ಈಗಿನ ಆಡಿನ ಚರ್ಮಕ್ಕೆ ಎಲ್ಲಿಂದ ಬರಬೇಕು ಎಂದು ಒಬ್ಬ ಹಿರಿಯರು ಗೊಣಗಿದರು. ನನ್ನ ಕಿವಿಗೆ ಈ ನಾದವೇ ಸಾಕಷ್ಟಿತ್ತು. ಕುಣಿತ ಮುಗಿದು, ತೆಂಗಿನಕಾಯಿ, ಅಕ್ಕಿ, ದುಡ್ಡು ಇಟ್ಟ ಮೊರ ಕೈದಾಟಿದ ಮೇಲೆ ಮಾತು ಸುಕ್ರಿ ಬೊಮ್ಮಗೌಡರ ಕಡೆ ಹೊರಳಿತು. ಅಂಕೋಲಾ ಬಡಗೇರಿಯ ಆ ಹಾಡುಗಾರ್ತಿಗೆ 2017ರಲ್ಲಿ ಪದ್ಮಶ್ರೀ ಬಂದಿತ್ತು. 2025ರ ಫೆಬ್ರುವರಿಯಲ್ಲಿ, ಸುಗ್ಗಿಗೆ ತಿಂಗಳು ಇರುವಾಗ ತೀರಿಕೊಂಡರು. ‘ಅವ್ರಿಗೆ ಬರ್ತಿದ್ದ ಹಾಡು ನಮ್ಗೆ ಕಾಲು ಭಾಗನೂ ಬರೂದಿಲ್ಲ’ ಎಂದ ಯುವಕ ತುರಾಯಿ ಬಿಚ್ಚದೆಯೇ ಚಹಾ ಕುಡಿಯುತ್ತಿದ್ದ. ಸುಗ್ಗಿಯ ಕೊನೆಗೆ ಹಗರಣವೂ ಇರುತ್ತದೆ. ಪೊಲೀಸ, ಡಾಕ್ಟರು, ರಾಜಕಾರಣಿ, ಯಾರನ್ನೂ ಬಿಡದ ಅಣಕು ವೇಷಗಳು. ಗುಡಿಸಲಿನಲ್ಲಿದ್ದ ಫ್ರೆಂಚ್ ಹುಡುಗನೊಬ್ಬ ತನ್ನಂತೆಯೇ ಜಡೆ ಬಿಟ್ಟು, ಸಡಿಲ ಚಡ್ಡಿ ತೊಟ್ಟು, ಬೆನ್ನಿಗೆ ಚೀಲ ಹಾಕಿಕೊಂಡು ಬಂದ ವೇಷಗಾರನನ್ನು ಕಂಡು ಅರೆಕ್ಷಣ ತಬ್ಬಿಬ್ಬಾಗಿ, ಆಮೇಲೆ ಎಲ್ಲರಿಗಿಂತ ಜೋರಾಗಿ ನಕ್ಕ.

ಸುಗ್ಗಿ ಮುಗಿಯುವ ಹೊತ್ತಿಗೆ ಹತ್ತಿರದ ಸಾಣಿಕಟ್ಟಾದ ಆಗರಗಳಲ್ಲಿ ಉಪ್ಪು ಬೆಳ್ಳಗೆ ಏಳುತ್ತಿರುತ್ತದೆ. ಇಲ್ಲಿ ಉಳಿದುಕೊಂಡವರು ಕಡಲು ನೋಡಲು ತೋರುವ ಹುರುಪಿನಲ್ಲಿ ಅರ್ಧವನ್ನಾದರೂ ಅದಕ್ಕೆ ತೋರಿಸಬೇಕು ಎಂಬುದು ನನ್ನ ಅಭಿಪ್ರಾಯ. ಭರತದ ನೀರನ್ನು ತೂಬಿನಿಂದ ಒಳಕ್ಕೆ ಬಿಟ್ಟುಕೊಂಡು, ಒಂದು ಪಾತಿಯಿಂದ ಇನ್ನೊಂದಕ್ಕೆ ಹಾಯಿಸುತ್ತ, ಬಿಸಿಲಿಗೆ ಹದಕ್ಕೆ ತಂದು, ಕೊನೆಗೆ ತುಳಿದು ಬಡಿದು ನುಣುಪು ಮಾಡಿದ ಜೇಡಿಮಣ್ಣಿನ ಅಂಕಣಕ್ಕೆ ಇಳಿಸುತ್ತಾರೆ. ಹರಳು ಕಟ್ಟಿದ ಉಪ್ಪನ್ನು ಮರದ ಹಲಿಗೆಯಿಂದ ಎಳೆದು ಬದುವಿನ ಮೇಲೆ ರಾಶಿ ಹಾಕುತ್ತಾರೆ. ಮಣ್ಣಿನ ನೆಲದ ಉಪ್ಪಾದ್ದರಿಂದ ಬಣ್ಣ ತುಸು ಮಂದ, ಹರಳು ದಪ್ಪ. ಆಗರದ ಒಡೆಯರ ಸಹಕಾರಿ ಸಂಘ ಇದನ್ನೆಲ್ಲ ನಡೆಸಿಕೊಂಡು ಬಂದಿದೆ. ಈ ದಂಡೆಯ ಉಪ್ಪಿಗೆ ಒಂದು ಚರಿತ್ರೆಯೂ ಇದೆ. ಗಾಂಧೀಜಿ ದಂಡಿಯಲ್ಲಿ ಉಪ್ಪು ಎತ್ತಿದ್ದು 1930ರ ಏಪ್ರಿಲ್ 6ರಂದು; ಒಂದು ವಾರದ ಮೇಲೆ, 13ರಂದು, ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳ್ತನದಲ್ಲಿ ಜನ ಉಪ್ಪಿನ ಕಾನೂನು ಮುರಿದರು. ಏಪ್ರಿಲ್ ಬಿಸಿಲನ್ನು ಇಲ್ಲಿ ಬೆನ್ನ ಮೇಲೆ ಅನುಭವಿಸಿದವರಿಗೆ ಆ ತಿಂಗಳ ಅರ್ಥ ತಟ್ಟನೆ ಹೊಳೆಯುತ್ತದೆ. ಇದೇ ಸತ್ಯಾಗ್ರಹವನ್ನು ಜುಲೈಯಲ್ಲಿ ಮಾಡಿದ್ದರೆ ಈ ದಂಡೆಯಲ್ಲಿ ಒಂದು ಹಿಡಿ ಉಪ್ಪೂ ಹುಟ್ಟುತ್ತಿರಲಿಲ್ಲ.

ಒಡತಿ ಪ್ರತಿವರ್ಷ ಅಲ್ಲಿಂದ ಚೀಲಗಟ್ಟಲೆ ತರಿಸುತ್ತಾಳೆ. ಅಂಗಡಿಯ ಪುಡಿ ಉಪ್ಪಿನಲ್ಲಿ ಹಾಕಿದ ಮಾವಿನಮಿಡಿ ಶ್ರಾವಣ ನೋಡುವುದಿಲ್ಲ ಎಂಬುದು ಅವಳ ಗಟ್ಟಿ ನಂಬಿಕೆ. ಶಿರಸಿ ಕಡೆಯಿಂದ ಅಪ್ಪೆಮಿಡಿ ಬಂದ ದಿನ ಅತಿಥಿಗಳ ಉಪಾಹಾರ ಒಂದು ತಾಸು ತಡ. ಮಿಡಿಯ ತೊಟ್ಟು ಮುರಿಯದಂತೆ, ಸೊನೆ ಸಿಡಿಯದಂತೆ ಒರೆಸಿ ಭರಣಿಗೆ ಇಳಿಸುವ ತನಕ ಒಲೆಯ ಬಳಿ ಯಾರೂ ಸುಳಿಯುವಂತಿಲ್ಲ. ಮಧ್ಯಾಹ್ನದ ಊಟಕ್ಕೆ ಮಾತ್ರ ಕೊರತೆಯಾಗದು. ಇಳಿತದಲ್ಲಿ ಸೊಂಟಮಟ್ಟದ ನೀರಿಗಿಳಿದು ಹೆಕ್ಕಿದ ಬಳಚು ಎಂಬ ಚಿಪ್ಪುಮೀನು ಅಳಿವೆಯಿಂದ ನೇರ ಅಡುಗೆಮನೆಗೆ ಬರುತ್ತದೆ, ಕಾಯಿತುರಿ ಹಾಕಿದ ಸುಕ್ಕವಾಗುತ್ತದೆ. ಮೀನು ತಿನ್ನದವರಿಗೆ ಹಸಿ ಗೇರುಬೀಜದ ಪಲ್ಯ, ಎಳೆ ಹಲಸಿನ ಹುಳಿ. ಅಘನಾಶಿನಿ ಅಣೆಕಟ್ಟು ಕಾಣದೆ ಕಡಲಿಗೆ ಬರುವ ನದಿ. 2024ರಲ್ಲಿ ಇದರ ಅಳಿವೆ ಜೌಗುಭೂಮಿಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿಗೆ ಸೇರಿತು. ದುರ್ಬೀನು ಕೊರಳಿಗೆ ಹಾಕಿಕೊಂಡು ಬಂದ ಪಕ್ಷಿಪ್ರಿಯರೊಬ್ಬರು ಈ ಸುದ್ದಿ ಹೇಳಿದಾಗ ಒಡತಿ ಕೇಳಿದ್ದು ಒಂದೇ ಪ್ರಶ್ನೆ: ಬಳಚು ಹೆಕ್ಕುವುದಕ್ಕೆ ಏನೂ ತಂಟೆಯಿಲ್ಲವಲ್ಲ?

ಕೋಣೆಗಳಿಗೆ ಇಲ್ಲಿ ಸುಗಂಧದ ಬಾಟಲಿ ಬಳಸುವುದಿಲ್ಲ. ಈ ಕಾಲದಲ್ಲಿ ಸುರಗಿ ಹೂ ಬಿಡುತ್ತದೆ, ಕೊಂಬೆಗೇ ಅಂಟಿಕೊಂಡು ಗೊಂಚಲು ಗೊಂಚಲಾಗಿ. ನಸುಕಿನಲ್ಲಿ ಮೊಗ್ಗು ಕಿತ್ತು ಪೋಣಿಸಿದ ದಂಡೆಗಳು ಕುಮಟೆ, ಅಂಕೋಲೆಯ ಪೇಟೆಗೆ ಬರುತ್ತವೆ. ಮೊದಲು ಒಡತಿಯ ಮುಡಿಗೆ, ಒಣಗಿದ ಮೇಲೆ ಹೊದಿಕೆಗಳ ಪೆಟ್ಟಿಗೆಗೆ. ಒಣಗಿದರೂ ಸುರಗಿಯ ಕಂಪು ಬಿಡದು.

ಏಪ್ರಿಲ್ ನಡುವೆ ಮುರುಗಲು ಹಣ್ಣಾಗತೊಡಗಿದರೆ ಜಗಲಿಯ ಮೇಲಿನ ಹಕ್ಕಿಗಾಗಿ ನಿಜವಾದ ಪೈಪೋಟಿ ಶುರು. ಬಿಡಿಸಿದ ಸಿಪ್ಪೆ ಕೆಂಪಗೆ ಹರಡಿಕೊಂಡು ಮೆಟ್ಟಿಲವರೆಗೂ ಇಳಿಯುತ್ತದೆ. ಬೀಜ ಬೇರೆ ಬುಟ್ಟಿಗೆ, ಹಿಮ್ಮಡಿ ಒಡಕಿಗೆ ಹಚ್ಚುವ ಮುರುಗಲ ತುಪ್ಪಕ್ಕೆ. ಬಿಳಿ ಟವೆಲು ಹೊದ್ದು ಅದರ ಪಕ್ಕ ಕೂತು ಕಲೆ ಮಾಡಿಕೊಂಡವರಿಗೆ ಸಮಾಧಾನವಾಗಿ ಒಂದು ಲೋಟ ಪಾನಕ ಸಿಗುತ್ತದೆ. ನಾಲ್ಕನೆಯ ಕೋಣೆಯನ್ನು ಆ ಹೊತ್ತಿಗೆ ಬಾಡಿಗೆಗೆ ಕೊಡುವುದು ನಿಂತಿರುತ್ತದೆ. ಅದರಲ್ಲಿ ಉಪ್ಪಿನ ಚೀಲ, ಸುಲಿಯದ ತೆಂಗಿನಕಾಯಿ, ಒಣಬಂಗಡೆ, ಒಣಶೆಟ್ಲಿ, ಸೌದೆ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಅಷ್ಟೂ ದಿನದ ಸಾರು ಈ ಕೋಣೆಯಿಂದಲೇ ಬರಬೇಕು.

ಕೆಲವು ವರ್ಷ ಮಾರ್ಚ್ ರಾತ್ರಿಗಳಲ್ಲಿ ಅಲೆ ಒಡೆಯುವಲ್ಲೆಲ್ಲ ನೀಲಿ ಬೆಳಕು ಮಿನುಗುವುದುಂಟು. ನಾಕ್ಟಿಲುಕಾ ಎಂಬ ಏಕಕೋಶಜೀವಿಯ ಕರಾಮತ್ತು ಅದು. ಅತಿಥಿಗಳು ಊಟ ಬಿಟ್ಟು ಓಡುತ್ತಾರೆ. ಹಗಲು ಅದೇ ನೀರು ಗಟ್ಟಿ ಹಸಿರಾಗಿರುವುದನ್ನು ಬಲ್ಲ ಮೀನುಗಾರರು ಬಲೆಯ ಚಿಂತೆಯಲ್ಲಿ ಕೂತಲ್ಲೇ ಕೂತಿರುತ್ತಾರೆ.

ಶಾಲೆಗಳಿಗೆ ರಜೆ ಬಿದ್ದ ಮೇಲೆ ಅರಬೈಲ್ ಘಟ್ಟ ಇಳಿದು ಹುಬ್ಬಳ್ಳಿ, ಧಾರವಾಡದ ಕುಟುಂಬಗಳು ಬರುತ್ತವೆ. ಡಬ್ಬಿ ತುಂಬ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ತಂದುಕೊಂಡೇ ಬರುವ ಈ ಅತಿಥಿಗಳೆಂದರೆ ಒಡತಿಗೆ ಒಳಗೊಳಗೇ ಪ್ರೀತಿ. ಎರಡನೆಯ ದಿನಕ್ಕೆಲ್ಲ ರೊಟ್ಟಿ ಅಡುಗೆಮನೆಗೂ ಬಳಚಿನ ಸುಕ್ಕ ಕೋಣೆಗಳಿಗೂ ದಾಟಿರುತ್ತವೆ. ಹೊರಡುವಾಗ ಅವರ ಕಾರಿನ ಹಿಂದೆ ಒಣ ಮುರುಗಲು, ಒಂದು ಚೀಲ ಉಪ್ಪು. ಅಂಕೋಲೆಯ ಕರಿ ಈಶಾಡು ಮಾವು ಬೇಕೆಂದು ಹಟ ಹಿಡಿದವರಿಗೆ ‘ಮೇ ತಿಂಗ್ಳಿಗೆ ಬನ್ನಿ’ ಎಂಬ ಉತ್ತರ. ಆ ಹಣ್ಣಿಗೆ 2023ರಲ್ಲಿ ಭೌಗೋಳಿಕ ಗುರುತು ಬಂದ ಮೇಲೆ ಬೇಡಿಕೆಯೂ ಏರಿದೆ, ಬೆಲೆಯೂ ಏರಿದೆ.

ಮೇ ಕೊನೆಯಲ್ಲಿ ಬಂದರೆ ಮರಳಿನ ಮೇಲಿನ ಗುಡಿಸಲುಗಳು ಸಿಗುವುದಿಲ್ಲ. ಅಷ್ಟರಲ್ಲಿ ಅವನ್ನು ಬಿಚ್ಚಿ, ಕಂಬಗಳಿಗೆ ಸೀಮೆಸುಣ್ಣದಲ್ಲಿ ನಂಬರು ಹಾಕಿ ನಾಲ್ಕನೆಯ ಕೋಣೆಗೆ ಸೇರಿಸಿರುತ್ತಾರೆ. ಉಳಿದ ಮೂರು ಕೋಣೆಗಳಿಗೆ ಬಾಡಿಗೆ ಅರ್ಧ. ಊಟಕ್ಕೆ ಮಾತ್ರ ಪೂರ್ತಿ ದರ. ಆಗ ಮೀನು ತುಟ್ಟಿ.