ಸೂಜಿ ಚುಚ್ಚಿದರೆ ಮಾತ್ರ ಮದ್ದೇ?

"ಸೂಜಿ ಮಾಡ್ರಿ ಡಾಕ್ಟ್ರೇ, ಗುಳಿಗಿ ಬ್ಯಾಡ್ರಿ." ರಾಯಚೂರಿನ ಕಲ್ಮಲಕ್ಕೆ ಮದ್ರಸ ಕಲಿಸಲು ಬಂದ ಹೊಸತರಲ್ಲಿ ಕ್ಲಿನಿಕ್ಕಿನ ಬಾಗಿಲಲ್ಲಿ ನಾವು ಹೆಚ್ಚು ಕೇಳಿದ ಮಾತಿದು. ಹತ್ತಿ ಬಿಡಿಸುವ, ಭತ್ತ ನಾಟಿ ಮಾಡುವ ಜನ. ಒಂದು ದಿನ ಮಲಗಿದರೆ ಒಂದು ದಿನದ ಕೂಲಿ ಹೋಯಿತು. ಹಾಗಾಗಿ ಬೇಗ ಗುಣವಾಗಬೇಕು, ಅದಕ್ಕೆ ಸೂಜಿಯೇ ಬೇಕು ಎಂಬ ನಂಬಿಕೆ. ನಮ್ಮ ಕರಾವಳಿಯ ಮನೆಗಳೇನು ಬೇರೆಯೇ? "ಒಂದು ಇಂಜೆಕ್ಷನ್ ಕೊಟ್ಟಿದ್ರೆ ಜ್ವರ ಬಿಡ್ತಿತ್ತು" ಎಂದು ಉಮ್ಮಂದಿರು ಹೇಳುವುದನ್ನು ಕೇಳಿಯೇ ನಾವು ಬೆಳೆದದ್ದು.

ತಪ್ಪು ನಮ್ಮಿಂದಲೂ ಆಗಿದೆ. ಮದ್ರಸದ ಹುಡುಗನೊಬ್ಬನಿಗೆ ಜ್ವರ ಬಂದಾಗ ಅವನ ಅಬ್ಬಾ ಹೊಲದಲ್ಲಿದ್ದರು, ನಾವೇ ಕರೆದುಕೊಂಡು ಹೋದೆವು. ಡಾಕ್ಟರು ಪ್ಯಾರಾಸಿಟಮಾಲ್ ಸಿರಪ್ ಬರೆದರು. ನಾವು ಬಿಡದೆ "ಒಂದು ಸೂಜಿ ಹಾಕಿಬಿಡಿ ಸಾರ್" ಎಂದೆವು. ಹಾಕಿದರು. ಜ್ವರ ಇಳಿಯಿತು. ನಾಲ್ಕನೇ ದಿನ ಚುಚ್ಚಿದ ಜಾಗ ಬಾತು ಕೀವು ತುಂಬಿತು, ಕೊಯ್ದು ತೆಗೆಯಬೇಕಾಯಿತು. ಎಷ್ಟೋ ದಿನ ಹುಡುಗ ಕೂರಲಾಗದೆ ನಿಂತೇ ಓದಿದ. ಅವನ ಅಬ್ಬಾ ನಮಗೆ ಏನೂ ಅನ್ನಲಿಲ್ಲ. ಅದೇ ನಮಗೆ ಹೆಚ್ಚು ನೋವು.

ಸಾಮಾನ್ಯ ಜ್ವರ, ಮೈಕೈ ನೋವಿಗೆ ಮಾತ್ರೆ ಸಾಕು. ಸೂಜಿ ಸ್ವಲ್ಪ ಬೇಗ ಕೆಲಸ ಶುರು ಮಾಡಬಹುದು, ಆದರೆ ರೋಗ ಅದರಿಂದ ಬೇಗ ಹೋಗುವುದಿಲ್ಲ. ಡೆಂಗಿಯಾಗಿದ್ದರಂತೂ ಪ್ಲೇಟ್‌ಲೆಟ್ ಕಡಿಮೆಯಾಗಿ ಸೂಜಿ ಚುಚ್ಚಿದಲ್ಲಿ ರಕ್ತ ಕಟ್ಟಬಹುದು. ಡೈಕ್ಲೋಫೆನಾಕ್‌ನಂಥ ನೋವಿನ ಇಂಜೆಕ್ಷನ್ ಅಪಾಯ.

ಸಿರಿಂಜ್ ಶುದ್ಧವಿಲ್ಲದಿದ್ದರೆ ಕತೆಯೇ ಬೇರೆ. ಅಶುದ್ಧ ಸೂಜಿಗಳಿಂದ 2000ನೇ ಇಸವಿ ಒಂದರಲ್ಲೇ ಜಗತ್ತಿನಲ್ಲಿ 2 ಕೋಟಿ 10 ಲಕ್ಷ ಮಂದಿಗೆ ಹೆಪಟೈಟಿಸ್ ಬಿ, 2 ಲಕ್ಷ 60 ಸಾವಿರ ಮಂದಿಗೆ ಎಚ್‌ಐವಿ ತಗುಲಿತೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿತ್ತು. 2019ರಲ್ಲಿ ಪಾಕಿಸ್ತಾನದ ರತೋಡೆರೋದಲ್ಲಿ ಎಚ್‌ಐವಿ ತಗುಲಿದವರಲ್ಲಿ ಹೆಚ್ಚಿನವರು ಪುಟ್ಟ ಮಕ್ಕಳು.

ಬಾಯಿಯ ಮದ್ದು ಕಡಿಮೆಯದೆಂಬ ಭಾವನೆಯೂ ಸರಿಯಲ್ಲ. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ನರಕ್ಕೆ ಹಾಕುವ ಸಲೈನ್ ಸಾಕಾಗಲಿಲ್ಲ. ಡಾ. ದಿಲೀಪ್ ಮಹಲನಬಿಸ್ ಉಪ್ಪು, ಸೋಡ, ಗ್ಲುಕೋಸ್ ಬೆರೆಸಿದ ನೀರು ಕುಡಿಸಿದರು. ಶೇ. 30ರ ಆಸುಪಾಸಿನಲ್ಲಿದ್ದ ಸಾವು ಶೇ. 4ಕ್ಕಿಂತ ಕೆಳಗಿಳಿಯಿತು. ಅದೇ ಇಂದಿನ ಓಆರ್‌ಎಸ್.

ಹಾಗೆಂದು ಸೂಜಿಯೇ ಬೇಡವೆನ್ನುತ್ತಿಲ್ಲ. ಹಾವು ಕಚ್ಚಿದರೆ, ನಾಯಿ ಕಚ್ಚಿದರೆ, ನಿಲ್ಲದ ವಾಂತಿಯಾದರೆ, ಪ್ರಜ್ಞೆ ತಪ್ಪಿದರೆ, ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಬೇಕಾದರೆ ಸೂಜಿ ಬೇಕೇ ಬೇಕು. ಮಕ್ಕಳ ಲಸಿಕೆಯನ್ನಂತೂ ಯಾರೂ ತಪ್ಪಿಸಬಾರದು. ಸರಕಾರಿ ಲಸಿಕೆಗೆ ಬಳಸುವುದು ಒಮ್ಮೆ ಹಾಕಿದ ಮೇಲೆ ತಾನೇ ಲಾಕ್ ಆಗುವ ಸಿರಿಂಜ್.

ರಂಝಾನಿನಲ್ಲಿ ಇನ್ನೊಂದು ಪ್ರಶ್ನೆ ಬರುತ್ತದೆ: "ಉಸ್ತಾದ್, ಮಾತ್ರೆ ನುಂಗಿದರೆ ನೋಂಬು ಹೋಗುತ್ತದೆ, ಸೂಜಿ ಹಾಕಿಸಿಕೊಳ್ಳಲೇ?" ಮಾಂಸಖಂಡಕ್ಕೆ ಹಾಕುವ ಸೂಜಿಯಿಂದ ನೋಂಬು ಮುರಿಯುವುದಿಲ್ಲವೆಂದು ಹೆಚ್ಚಿನ ಉಲಮಾಗಳು ಹೇಳುತ್ತಾರೆ, ನಿಜ. ಆದರೆ ರೋಗಿಗೆ ನೋಂಬು ಬಿಟ್ಟು ಆಮೇಲೆ ಖಝಾ ಮಾಡುವ ರಿಯಾಯಿತಿಯನ್ನು ಅಲ್ಲಾಹನೇ ಕೊಟ್ಟಿದ್ದಾನೆ. ನೋಂಬಿನ ನೆಪದಲ್ಲಿ ಬೇಡದ ಸೂಜಿ ಚುಚ್ಚಿಸಿಕೊಳ್ಳಬೇಕಾಗಿಲ್ಲ. ವೈದ್ಯ ಕಲಿಯದೆ ವೈದ್ಯ ಮಾಡಿದವನೇ ಹಾನಿಗೆ ಹೊಣೆ ಎಂಬ ಪ್ರವಾದಿ (ಸ) ಅವರ ಬೋಧನೆಯೂ ನೆನಪಿರಲಿ. ಕ್ಲಿನಿಕ್‌ನ ಗೋಡೆಯಲ್ಲಿ ಕೆಪಿಎಂಇ ನೋಂದಣಿ ಪತ್ರ ಇದೆಯಾ ನೋಡಿ. ಸಿರಿಂಜ್ ಪ್ಯಾಕೆಟ್ ನಿಮ್ಮೆದುರೇ ಒಡೆಯಲಿ.

ಈಗ ಮಕ್ಕಳನ್ನು ಕರೆದುಕೊಂಡು ಹೋದರೆ ನಾವು ಕೇಳುವುದು ಒಂದೇ: "ಡಾಕ್ಟ್ರೇ, ಮಾತ್ರೆಯಲ್ಲಿ ಆಗುತ್ತದಾ?" ಹೆಚ್ಚಿನ ಸಲ ಅವರು ನಗುತ್ತಾ "ಆಗುತ್ತದೆ" ಎನ್ನುತ್ತಾರೆ. ಮುಂದಿನ ಸಲ ನೀವೂ ಕೇಳಿ ನೋಡಿ.