ದುರ್ಗಮ ಹಾದಿಯ ವಾಹನಗಳ ನಿಷ್ಕಾಸ ಕೊಳವೆಯ ರಕ್ಷಣೆ

ಕಲ್ಲುಬಂಡೆ, ಕೆಸರು, ಹಳ್ಳ ಹಾಗೂ ಒಣಹುಲ್ಲಿನ ಹಾದಿಯಲ್ಲಿ ಓಡುವ ಫೋರ್ ವೀಲ್ ಡ್ರೈವ್ ವಾಹನಗಳ ಹೊಗೆಕೊಳವೆ ಜಜ್ಜಿಹೋಗದಂತೆ, ಅದರೊಳಗೆ ನೀರು ನುಗ್ಗದಂತೆ ಮತ್ತು ಅದರ ಶಾಖದಿಂದ ಬೆಂಕಿ ಹೊತ್ತದಂತೆ ಕೈಗೊಳ್ಳುವ ಏರ್ಪಾಡುಗಳನ್ನು ನಿಷ್ಕಾಸ ವ್ಯವಸ್ಥೆಯ ರಕ್ಷಣೆ ಎನ್ನಲಾಗುತ್ತದೆ. ಕೊಳವೆಯ ಕೆಳಗೆ ಲೋಹದ ಫಲಕ ಕೂರಿಸುವುದು, ಕೊಳವೆಯನ್ನು ಮೇಲಕ್ಕೆತ್ತಿ ಕಟ್ಟುವುದು, ಅದರ ಬಾಯಿಯ ಜಾಗ ಬದಲಿಸುವುದು ಇವುಗಳಲ್ಲಿ ಮುಖ್ಯವಾದವು. ಕರ್ನಾಟಕದಲ್ಲಿ ಆಡುಮಾತಿನಲ್ಲಿ ಇಡೀ ಹೊಗೆಕೊಳವೆಯನ್ನೇ ‘ಸೈಲೆನ್ಸರ್’ ಎಂದು ಕರೆಯುವುದುಂಟು. ವಾಸ್ತವವಾಗಿ ಸೈಲೆನ್ಸರ್ ಅದರ ಒಂದು ಭಾಗ ಮಾತ್ರ.

ರಚನೆ

ಸಿಲಿಂಡರುಗಳಿಂದ ಹೊರಬೀಳುವ ಬಿಸಿ ಅನಿಲಗಳನ್ನು ಮ್ಯಾನಿಫೋಲ್ಡ್ ಒಟ್ಟುಗೂಡಿಸುತ್ತದೆ. ಅಲ್ಲಿಂದ ಅವು ಕೆಟಲಿಟಿಕ್ ಕನ್ವರ್ಟರ್, ಸೈಲೆನ್ಸರ್ ಪೆಟ್ಟಿಗೆ ಮತ್ತು ಬಾಲಕೊಳವೆಗಳ ಮೂಲಕ ಹೊರಹೋಗುತ್ತವೆ. ಇತ್ತೀಚಿನ ಡೀಸೆಲ್ ವಾಹನಗಳಲ್ಲಿ ಮಸಿಯನ್ನು ಹಿಡಿದಿಡುವ ಕಣ ಶೋಧಕವೂ ಇರುತ್ತದೆ. ಕೊಳವೆಯನ್ನು ಚಾಸಿಗೆ ಬಿಗಿಯಾಗಿ ಬೆಸೆಯದೆ ರಬ್ಬರಿನ ಕುಣಿಕೆಗಳಿಂದ ತೂಗಿಬಿಡಲಾಗುತ್ತದೆ. ಎಂಜಿನ್ ಅಲುಗಿದಾಗ ಕೊಳವೆಯೂ ಅಲುಗಬೇಕಾದುದರಿಂದ ಈ ವ್ಯವಸ್ಥೆ ಅಗತ್ಯ. ಆದರೆ ಬಂಡೆಗೆ ತಗುಲಿದಾಗ ಮೊದಲು ಹರಿಯುವುದೂ ಇದೇ ಕುಣಿಕೆ.

ಕಲ್ಲಿನ ಪೆಟ್ಟು

ಕಡಿದಾದ ದಿಣ್ಣೆಯಿಂದ ಇಳಿಯುವಾಗ ವಾಹನದ ಹಿಂಭಾಗ ಎಷ್ಟು ಕೋನದವರೆಗೆ ನೆಲಕ್ಕೆ ತಾಗದೆ ಇರಬಲ್ಲದೋ ಅದನ್ನು ನಿರ್ಗಮನ ಕೋನ ಎನ್ನುತ್ತಾರೆ. ಹಿಂಬದಿಯಲ್ಲಿ ಇಳಿಬಿದ್ದ ಬಾಲಕೊಳವೆ ಈ ಕೋನವನ್ನು ಕಡಿಮೆ ಮಾಡುತ್ತದೆ. ಕೊಳವೆಯ ತುದಿ ಮಣ್ಣಿಗೆ ಒತ್ತಿ ಮುಚ್ಚಿಕೊಂಡರೆ ಅನಿಲಗಳಿಗೆ ಹೊರದಾರಿ ಇಲ್ಲದೆ ಎಂಜಿನ್ ಶಕ್ತಿ ಕುಂದುತ್ತದೆ, ಪೂರ್ತಿ ಮುಚ್ಚಿದರೆ ನಿಂತೇ ಹೋಗುತ್ತದೆ. ಚಿಕ್ಕ ಜಜ್ಜುಗಾಯದಿಂದ ಅಷ್ಟು ಬಾಧೆಯಿಲ್ಲ. ಕನ್ವರ್ಟರಿಗೆ ಬೀಳುವ ಪೆಟ್ಟು ಮಾತ್ರ ದುಬಾರಿಯದು, ಏಕೆಂದರೆ ಅದರೊಳಗಿರುವುದು ಜೇನುಗೂಡಿನಂತಹ ಸೂಕ್ಷ್ಮ ರಂಧ್ರಗಳ ಪಿಂಗಾಣಿ ದಿಮ್ಮಿ. ಅದು ಒಡೆದರೆ ಚೂರುಗಳು ಸರಿದು ಕೊಳವೆಯನ್ನೇ ಮುಚ್ಚಬಲ್ಲವು. ತಟ್ಟಿದಾಗ ಗಿಲಕಿಯಂತೆ ಸದ್ದು ಮಾಡುವ ಕನ್ವರ್ಟರ್ ಒಡೆದಿದೆ ಎಂದೇ ತಿಳಿಯಬಹುದು.

ಇದಕ್ಕೆ ಪರಿಹಾರವಾಗಿ ಉಕ್ಕು ಅಥವಾ ಅಲ್ಯುಮಿನಿಯಂ ಫಲಕವನ್ನು ಚಾಸಿಗೆ ಬೋಲ್ಟ್ ಹಾಕಿ ಕೂರಿಸುತ್ತಾರೆ. ಫಲಕವನ್ನು ಕೊಳವೆಗೇ ಬಿಗಿದರೆ ಪೆಟ್ಟು ನೇರವಾಗಿ ಕೊಳವೆಗೆ ಹೋಗುವುದರಿಂದ ಪ್ರಯೋಜನವಿಲ್ಲ. ಫಲಕಕ್ಕೂ ಕೊಳವೆಗೂ ನಡುವೆ ಗಾಳಿಯಾಡಲು ತೆರಪು, ಕೆಸರುನೀರು ಇಳಿದುಹೋಗಲು ರಂಧ್ರ ಇರಬೇಕು. ಶಾಖ ತಡೆಯಲು ಕೊಳವೆಗೆ ನಾರಿನ ಪಟ್ಟಿ ಸುತ್ತುವ ರೂಢಿಯೂ ಇದೆ. ಆದರೆ ಮಳೆನಾಡಿನಲ್ಲಿ ಅದು ನೀರನ್ನು ಹಿಡಿದಿಟ್ಟುಕೊಂಡು ಮೆದು ಉಕ್ಕಿನ ಕೊಳವೆಗೆ ಬೇಗನೆ ತುಕ್ಕು ಹಿಡಿಸುತ್ತದೆ. ಅಂತಹ ಕಡೆ ಕಳಚಿ ತೊಳೆಯಬಹುದಾದ ತಗಡಿನ ಮರೆಯೇ ಲೇಸು.

ಒಣಹುಲ್ಲು ಮತ್ತು ಬೆಂಕಿ

ಚಾಲಕರು ಸಾಮಾನ್ಯವಾಗಿ ಕಲ್ಲಿಗೆ ಅಂಜುತ್ತಾರೆ, ಹುಲ್ಲನ್ನು ಲೆಕ್ಕಿಸುವುದಿಲ್ಲ. ವಾಹನವನ್ನೇ ಕಳೆದುಕೊಳ್ಳುವ ಅಪಾಯ ಹೆಚ್ಚಾಗಿ ಇರುವುದು ಹುಲ್ಲಿನಲ್ಲಿಯೇ. ಕನ್ವರ್ಟರಿನ ಒಳಗಿನ ಉಷ್ಣತೆ ಕೆಲಸ ಮಾಡುವಾಗ ಸುಮಾರು 400 ರಿಂದ 800 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಒಂದು ಸಿಲಿಂಡರಿನಲ್ಲಿ ಕಿಡಿ ತಪ್ಪಿ, ಉರಿಯದ ಇಂಧನ ಕನ್ವರ್ಟರಿಗೆ ಬಂದು ಅಲ್ಲಿ ಉರಿದರೆ ಅದು ಇನ್ನೂ ಏರುತ್ತದೆ. ಭಾರತದಲ್ಲಿ 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ಮಾನಕ ಜಾರಿಗೆ ಬಂದ ಮೇಲೆ ಡೀಸೆಲ್ ವಾಹನಗಳಲ್ಲಿ ಕಣ ಶೋಧಕ ಸಾಮಾನ್ಯವಾಗಿದೆ. ಅದರಲ್ಲಿ ಸೇರಿದ ಮಸಿಯನ್ನು ಸುಮಾರು 600 ಡಿಗ್ರಿಯಲ್ಲಿ ತಾನೇ ಸುಟ್ಟು ಶುದ್ಧಗೊಳ್ಳುವ ಕ್ರಿಯೆ ನಡೆಯುವಾಗ ಬೆಳೆದ ಹುಲ್ಲಿನ ಮೇಲೆ ವಾಹನ ನಿಲ್ಲಿಸುವುದು ಅಪಾಯಕರ.

ಆಸ್ಟ್ರೇಲಿಯಾದ ಒಳನಾಡಿನಲ್ಲಿ ಈ ಸಮಸ್ಯೆ ಚೆನ್ನಾಗಿ ಪರಿಚಿತ. ಅಲ್ಲಿನ ಮರಳುಹಾದಿಗಳಲ್ಲಿ ಬೆಳೆಯುವ ಸ್ಪಿನಿಫೆಕ್ಸ್ ಎಂಬ ಮುಳ್ಳುಮುಳ್ಳಾದ, ರಾಳಯುಕ್ತ ಹುಲ್ಲು ವಾಹನದ ಅಡಿಗೆ ಸಿಕ್ಕಿ ಕೊಳವೆಯ ಸುತ್ತ ಗೂಡುಕಟ್ಟಿಕೊಂಡು ಹೊತ್ತಿಕೊಳ್ಳುತ್ತದೆ. ಆದ್ದರಿಂದ ಅಲ್ಲಿನ ಪ್ರಯಾಣಿಕರು ಆಗಾಗ ಇಳಿದು, ಕೊಕ್ಕೆಯಿಂದ ಹುಲ್ಲನ್ನು ಎಳೆದು ತೆಗೆಯುತ್ತಾರೆ, ಅಗ್ನಿಶಾಮಕವನ್ನು ಕೈಗೆಟುಕುವಲ್ಲಿ ಇಡುತ್ತಾರೆ. ರಕ್ಷಣೆಗೆಂದು ಹಾಕಿದ ಫಲಕವೇ ಇಲ್ಲಿ ಹುಲ್ಲನ್ನು ಹಿಡಿದಿಡುವ ತಟ್ಟೆಯಾಗುತ್ತದೆ. ಫಲಕವಿರುವ ವಾಹನವನ್ನು ಹೆಚ್ಚು ಸಲ ತಪಾಸಣೆ ಮಾಡಬೇಕಾಗುವುದು ಈ ಕಾರಣದಿಂದ.

ನೀರು ದಾಟುವುದು

ಬಾಲಕೊಳವೆ ನೀರಿನಲ್ಲಿ ಮುಳುಗಿದ ಕೂಡಲೇ ಎಂಜಿನ್ ಕೆಡುತ್ತದೆ ಎಂಬ ಭಾವನೆ ಪೂರ್ತಿ ಸರಿಯಲ್ಲ. ಎಂಜಿನ್ ಓಡುತ್ತಿರುವವರೆಗೆ ಹೊರಬರುವ ಅನಿಲದ ಒತ್ತಡವು ಆಳ ಕಡಿಮೆಯಿರುವ ನೀರನ್ನು ಹೊರಗೇ ತಡೆಯುತ್ತದೆ. ಎಂಜಿನ್ ನಿಂತಾಗ ನೀರು ಕೊಳವೆಯೊಳಕ್ಕೆ ಏರತೊಡಗುತ್ತದೆ. ಆಗ ತಕ್ಷಣ ಮತ್ತೆ ಚಾಲನೆ ಕೊಡದೆ ವಾಹನವನ್ನು ಎಳೆದು ಹೊರತರುವುದು ಒಳ್ಳೆಯದು. ಇದಕ್ಕಿಂತ ಗಂಭೀರವಾದುದು ಗಾಳಿ ಸೇದುವ ದಾರಿಯಲ್ಲಿ ನೀರು ಹೋಗುವುದು. ನೀರು ಗಾಳಿಯಂತೆ ಅದುಮಿಕೊಳ್ಳದ ಕಾರಣ ಕನೆಕ್ಟಿಂಗ್ ರಾಡ್ ಬಾಗಿ ಎಂಜಿನ್ ಹಾಳಾಗುತ್ತದೆ. ಹೀಗಾಗಿ ಹೊಗೆಕೊಳವೆ ಎತ್ತರಿಸುವ ಮೊದಲು ಗಾಳಿ ಸೇದುವ ಸ್ನಾರ್ಕೆಲ್ ಅಳವಡಿಸುವುದು ಸರಿಯಾದ ಕ್ರಮ. ಕಾದ ಕನ್ವರ್ಟರ್ ತಣ್ಣೀರಿಗೆ ಇಳಿದರೆ ಪಿಂಗಾಣಿ ಬಿರಿಯುವ ಸಾಧ್ಯತೆಯೂ ಇರುವುದರಿಂದ, ಹಳ್ಳದ ದಡದಲ್ಲಿ ಕೆಲವು ನಿಮಿಷ ನಿಂತು ಮುಂದುವರಿಯುವುದು ವಾಡಿಕೆ.

ತಯಾರಕರು ದಾಟಬಹುದಾದ ಆಳವನ್ನು ಸೂಚಿಸಿರುತ್ತಾರೆ. 2020ರ ಮಹೀಂದ್ರ ಥಾರ್‌ಗೆ ಇದು 650 ಮಿಲಿಮೀಟರ್. ಈ ಅಂಕಿ ನಿಂತ ನೀರಿಗೆ ಸರಿ, ಮಳೆಗಾಲದ ಸಹ್ಯಾದ್ರಿಯ ಹರಿಯುವ ಹಳ್ಳಕ್ಕೆ ಅನ್ವಯಿಸಿಕೊಳ್ಳುವುದು ದುಡುಕು. ಗಾಳಿ ಮತ್ತು ಹೊಗೆ ಎರಡರ ಕೊಳವೆಗಳನ್ನೂ ಎತ್ತರಿಸುವ ಪದ್ಧತಿ ಹಳೆಯದು. 1944ರ ಜೂನ್‌ನಲ್ಲಿ ನಾರ್ಮಂಡಿಯ ಕಡಲತೀರಕ್ಕಿಳಿದ ಮಿತ್ರಪಡೆಗಳ ಅನೇಕ ವಾಹನಗಳಿಗೆ ಇಂತಹ ಏರ್ಪಾಡು ಇತ್ತು.

ಕೊಳವೆಯನ್ನು ಮೊಟಕುಗೊಳಿಸುವುದು

ಕಲ್ಲಿಗೆ ತಗುಲುವುದೆಂದು ಬಾಲಕೊಳವೆಯನ್ನು ಕತ್ತರಿಸಿ ವಾಹನದ ಅಡಿಯಲ್ಲಿಯೇ ಹೊಗೆ ಬಿಡುವುದು ಅತಿ ಅಗ್ಗದ ಮಾರ್ಪಾಡು, ಹಾಗೆಯೇ ಅತಿ ಅಪಾಯದ್ದು. ನಿಧಾನವಾಗಿ ಹತ್ತುವ ಅಥವಾ ಕೆಸರಿನಲ್ಲಿ ಸಿಕ್ಕಿಬಿದ್ದ ವಾಹನದಡಿಯ ಹೊಗೆ ನೆಲದ ತೂತು, ಬಾಗಿಲ ಸಂದುಗಳಿಂದ ಒಳಸೇರುತ್ತದೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಕ್ಕಿ ಬಿಗಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ವಾಕರಿಕೆಗಳನ್ನು ಘಾಟಿಯ ತಿರುವುಗಳ ತಲೆಸುತ್ತೆಂದು ತಿಳಿದು ಕಡೆಗಣಿಸುವ ಸಂಭವ ಹೆಚ್ಚು. ಎಲ್ಲರಿಗೂ ಒಟ್ಟಿಗೆ ತಲೆನೋವು ಬಂದರೆ ಎಂಜಿನ್ ನಿಲ್ಲಿಸಿ, ಕೆಳಗಿಳಿದು ತೆರೆದ ಗಾಳಿಗೆ ಹೋಗಬೇಕು. ಕೊಳವೆಯ ಬಾಯಿ ಯಾವಾಗಲೂ ವಾಹನದ ಒಡಲಿನ ಅಂಚನ್ನು ದಾಟಿರಬೇಕು.

ಕಾನೂನು

ಮೋಟಾರು ವಾಹನಗಳ ಕಾಯಿದೆ, 1988ರ 52ನೇ ಪ್ರಕರಣವು ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನ ಬದಲಿಸುವುದನ್ನು ನಿರ್ಬಂಧಿಸುತ್ತದೆ. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಸೈಲೆನ್ಸರ್ ಕಡ್ಡಾಯ. ಹೊಗೆಕೊಳವೆಯು ಇಂಧನದ ಕೊಳವೆಯಿಂದ ಕನಿಷ್ಠ 35 ಮಿಲಿಮೀಟರ್ ದೂರವಿರಬೇಕು. ಹೊಸದಾಗಿ ಬೆಸುಗೆ ಹಾಕಿ ಕೊಳವೆಯ ದಾರಿ ಬದಲಿಸುವವರು ಈ ಅಂತರವನ್ನು ಅಳೆದು ನೋಡುವುದು ವಿರಳ. ಕನ್ವರ್ಟರ್ ತೆಗೆದುಹಾಕಿದ ವಾಹನವು ಹೊಗೆ ತಪಾಸಣೆಯಲ್ಲಿ ಅನುತ್ತೀರ್ಣವಾಗಬಹುದು.